ನಕ್ಷೆಯ ತಿದ್ದುಪಡಿಗುರುತು

ಕಟ್ಟಡದ ನಕ್ಷೆಯೊಂದು ಒಪ್ಪಿಗೆ ಪಡೆದು ಕೆಲಸದ ಸ್ಥಳಕ್ಕೆ ಹೋದ ತರುವಾಯ ಅದರಲ್ಲಿ ಆದ ಬದಲಾವಣೆ ಯಾವುದು, ಎಂದಿನದು, ಯಾರ ಅನುಮತಿಯಿಂದಾದುದು ಎಂಬುದನ್ನು ಆ ಹಾಳೆಯ ಮೇಲೆಯೇ ಕಾಣಿಸುವ ಸಂಕೇತಪದ್ಧತಿ. ತಿದ್ದುವುದು ಬೇರೆ, ತಿದ್ದಿದೆನೆಂದು ತಿಳಿಸುವುದು ಬೇರೆ. ಈ ಪದ್ಧತಿಯ ಚರಿತ್ರೆಯೆಲ್ಲ ಎರಡನೆಯದರ ಚರಿತ್ರೆ.

ಹಾಸನದಿಂದ ಹಗರೆಯ ಮೇಲೆ ಹಾದು ಬೇಲೂರು ಹಳೇಬೀಡುಗಳಿಗೆ ಹೋಗುವವನಿಗೆ ಇದರ ಪೂರ್ವರೂಪವು ಕಾಗದದಲ್ಲಲ್ಲ, ಕಲ್ಲಿನಲ್ಲಿ ಕಾಣಸಿಗುತ್ತದೆ. ಬೇಲೂರಿನ ಕಪ್ಪೆ ಚೆನ್ನಿಗರಾಯನನ್ನು ಕುರಿತು ಜನಜನಿತವಾದ ಐತಿಹ್ಯವೊಂದುಂಟು: ಜಕಣಾಚಾರಿ ಕಡೆದ ಮೂರ್ತಿಯಲ್ಲಿ ದೋಷವಿದೆಯೆಂದು ಅಪರಿಚಿತ ತರುಣನೊಬ್ಬನು ನುಡಿಯಲು, ಮೈಗೆಲ್ಲ ಗಂಧವನ್ನು ಲೇಪಿಸಿ ನೋಡಲಾಗಿ, ಉಳಿದೆಡೆಯೆಲ್ಲ ಒಣಗಿದರೂ ಹೊಕ್ಕುಳ ಸುತ್ತ ಮಾತ್ರ ಹಸಿಯಾಗಿಯೇ ಉಳಿಯಿತಂತೆ, ಅಲ್ಲಿ ಉಳಿ ತಾಗಿಸಿದೊಡನೆ ನೀರಿನೊಡನೆ ಕಪ್ಪೆಯು ಹೊರಬಿದ್ದಿತಂತೆ. ಚರಿತ್ರಕಾರರು ಇದನ್ನು ಒಪ್ಪರು. ಆದರೂ ಇಡೀ ಶಿಲ್ಪವನ್ನು ಕೆಡಿಸದೆ ದೋಷವಿರುವ ಎಡೆಯಷ್ಟನ್ನೇ ಸುತ್ತುವರಿದು ತೋರಿದ ಆ ಹಸಿಗಂಧದ ಕಲೆಯು, ಇಂದಿನ ನಕ್ಷೆಗಾರನು ತಿದ್ದಿದ ಭಾಗದ ಸುತ್ತ ಎಳೆಯುವ ಮೋಡದಾಕಾರದ ಗೆರೆಗೆ ಬಲು ಹತ್ತಿರದ ನೆಂಟ.

ಹೊಯ್ಸಳರ ಶಿಲ್ಪಿಗಳು ಬಳಸಿದ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿಗೆ ತೆರೆದಂತೆ ಗಡುಸಾಗುವ ಜಾತಿಯದು. ಕೆತ್ತಿ ತೆಗೆದುದನ್ನು ಮತ್ತೆ ಕೂಡಿಸುವಂತಿಲ್ಲವಾದುದರಿಂದ ಅಲ್ಲಿ ತಿದ್ದುಪಡಿಯೆಂದರೆ ಬಹುಮಟ್ಟಿಗೆ ಸೇರ್ಪಡೆಯೇ. ಶಕ 1039ರಲ್ಲಿ, ಎಂದರೆ 1117ರಲ್ಲಿ, ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ದೇಗುಲದ ನವರಂಗವು ಮೊದಲು ತೆರೆದ ಮಂಟಪವಾಗಿದ್ದಿತೆಂದೂ, ಕಂಬಗಳ ನಡುವಣ ಜಾಲಂಧ್ರಗಳನ್ನು ಅವನ ಮೊಮ್ಮಗ ಎರಡನೆಯ ವೀರಬಲ್ಲಾಳನ ಕಾಲದಲ್ಲಿ ಕೂಡಿಸಿದರೆಂದೂ ವಿದ್ವಾಂಸರು ಹೇಳುತ್ತಾರೆ. ಸುಟ್ಟುಹೋಗಿದ್ದ ಮಹಾದ್ವಾರದ ಗೋಪುರವನ್ನು 1397ರಲ್ಲಿ ವಿಜಯನಗರದ ಎರಡನೆಯ ಹರಿಹರನ ದಂಡನಾಯಕ ಗುಂಡನು ಮತ್ತೆ ಎತ್ತಿಸಿದನು. ಗರ್ಭಗೃಹದ ಮೇಲಿನ ಶಿಖರವನ್ನು, ಅದರ ಭಾರಕ್ಕೆ ಕೆಳಗಣ ಕಟ್ಟಡವು ಜಖಂ ಆದೀತೆಂದು, 1879ರಲ್ಲಿ ಇಳಿಸಲಾಯಿತು. ಏನು ಮಾಡಿಸಿದುದು, ಯಾರು, ಯಾವ ಸಂವತ್ಸರದ ಯಾವ ತಿಥಿಯಲ್ಲಿ, ಯಾರ ಆಳ್ವಿಕೆಯಲ್ಲಿ ಎಂದು ಕ್ರಮವಾಗಿ ನಮೂದಿಸುವ ಶಾಸನಗಳ ಸಾಲನ್ನು ನೋಡಿದವನಿಗೆ, ನಕ್ಷೆಯ ಬಲಮೂಲೆಯ ತಿದ್ದುಪಡಿ ಪಟ್ಟಿಯು ಹೊಸದೆಂದು ತೋರಲಾರದು. 1879ರ ಹಿಂದಿನ ಚಿತ್ರವನ್ನೂ ಮುಂದಿನ ಚಿತ್ರವನ್ನೂ ತಾರೀಖಿಲ್ಲದೆ ಒಟ್ಟಿಗಿಟ್ಟರೆ ಎರಡರಲ್ಲಿ ಒಂದು ಸುಳ್ಳೆನಿಸುವುದು. ತಾರೀಖಿದ್ದರೆ ಎರಡೂ ನಿಜ.

ಕಾಗದದ ಯುಗದಲ್ಲಿ ತೊಡಕು ಹೆಚ್ಚಾದುದು ಪ್ರತಿಗಳು ಸುಲಭವಾದುದರಿಂದ. ಜಾನ್ ಹರ್ಷೆಲನು 1842ರಲ್ಲಿ ಕಂಡುಹಿಡಿದ ನೀಲಿ ಮುದ್ರಣವು ಆ ಶತಮಾನದ ಕೊನೆಯ ಹೊತ್ತಿಗೆ ಎಂಜಿನಿಯರರ ಕಚೇರಿಗಳನ್ನು ಹೊಕ್ಕಿತು. ಮುಂದೆ ಅದರ ಸ್ಥಾನಕ್ಕೆ, ಮೂಗನ್ನು ಸುಡುವ ವಾಸನೆಯ ಅಮೋನಿಯಾ ಪ್ರಿಂಟು ಬಂದಿತು. ಮೂಲ ಹಾಳೆ ಒಂದೇ, ಪ್ರತಿಗಳು ಹತ್ತಾರು. ಮೂಲವನ್ನು ತಿದ್ದಿದ ಮಾತ್ರಕ್ಕೆ ಮೇಸ್ತ್ರಿಯ ಕಂಕುಳಲ್ಲಿರುವ ಪ್ರತಿ ತಾನಾಗಿ ತಿದ್ದಿಕೊಳ್ಳುವುದಿಲ್ಲವಷ್ಟೆ.

ಟ್ರೇಸಿಂಗ್ ಹಾಳೆಯ ಮೇಲಿನ ಮಸಿಗೆರೆಯನ್ನು ನಕ್ಷೆಗಾರನು ಬ್ಲೇಡಿನ ಮೂಲೆಯಿಂದ ಉಸಿರು ಬಿಗಿಹಿಡಿದು ಹೆರೆಯುತ್ತಿದ್ದನು. ಕೈ ತುಸು ಭಾರವಾದರೆ ಹಾಳೆಯೇ ತೂತು. ಹೆರೆದೆಡೆಯನ್ನು ನುಣುಪು ಮಾಡದೆ ಗೆರೆಯೆಳೆದರೆ ಮಸಿಯು ಬೇರಿನಂತೆ ಹಬ್ಬುವುದು. ತಿದ್ದಿದ ಭಾಗವನ್ನು ಸುತ್ತುವ ಮೋಡದ ಗೆರೆಯನ್ನು ಅವನು ಹಾಳೆಯ ಬೆನ್ನಿನ ಮೇಲೆ ಪೆನ್ಸಿಲಿನಿಂದ ಎಳೆಯುತ್ತಿದ್ದನು: ಪ್ರಿಂಟಿನಲ್ಲಿ ಅದು ಮೂಡುವುದು, ಮುಂದಿನ ತಿದ್ದುಪಡಿಯ ವೇಳೆಗೆ, ಮುಂಬದಿಯ ಮಸಿಗೆ ಧಕ್ಕೆಯಿಲ್ಲದೆ, ರಬ್ಬರಿನಿಂದ ಅಳಿಯುವುದು. ಮೋಡವು ಕಡೆಯ ತಿದ್ದುಪಡಿಗೆ ಮಾತ್ರ ಸಲ್ಲತಕ್ಕುದು. ಅದರ ಪಕ್ಕದ, ಸಂಖ್ಯೆಯನ್ನೊಳಗೊಂಡ ಪುಟ್ಟ ತ್ರಿಕೋನವಾದರೋ ಶಾಶ್ವತ. ಅದೇ ಸಂಖ್ಯೆಯು ಪಟ್ಟಿಯಲ್ಲಿ ತಾರೀಖು, ವಿವರಣೆ, ಬರೆದವನ ಮತ್ತು ಪರಿಶೀಲಿಸಿದವನ ಸಹಿಗಳೊಡನೆ ನಿಲ್ಲುವುದು. ಸಂಖ್ಯೆಗೆ ಬದಲಾಗಿ ರೋಮನ್ ಅಕ್ಷರಗಳನ್ನು ಬಳಸುವಲ್ಲಿ ಐ ಮತ್ತು ಓ ಅಕ್ಷರಗಳನ್ನು ಬಿಡುವ ರೂಢಿಯಿದೆ. ಅವು ಒಂದು, ಸೊನ್ನೆಗಳೆಂಬ ಭ್ರಾಂತಿಗೆ ಎಡೆಗೊಡುತ್ತವೆ. ಚಿತ್ರವನ್ನು ಮತ್ತೆ ಬರೆಯದೆ ಅಳತೆಯನ್ನಷ್ಟೇ ಬದಲಾಯಿಸಿದರೆ ಆ ಅಂಕಿಯ ಕೆಳಗೆ ಗೆರೆಯೆಳೆಯಬೇಕು, ಅಳತೆಗೋಲನ್ನು ಇಟ್ಟು ನೋಡುವವನು ಮೋಸಹೋಗದಿರಲೆಂದು. ವಿವರಣೆಯ ಅಂಕಣದಲ್ಲಿ ‘ಸಾಮಾನ್ಯ ತಿದ್ದುಪಡಿ’ ಎಂದು ಬರೆಯುವುದು ಏನನ್ನೂ ಬರೆಯದಿರುವುದಕ್ಕಿಂತ ಕೀಳೆಂಬುದು ನನ್ನ ಅಭಿಪ್ರಾಯ. ‘ಅಡಿಗೆಮನೆಯ ಪೂರ್ವದ ಕಿಟಕಿ 3 ಅಡಿಗೆ ಬದಲು 4 ಅಡಿ’ ಎಂದರೆ ಗಾರೆಯವನಿಗೂ ತಿಳಿದೀತು.

ಭಾರತದಲ್ಲಿ ವಾಸ್ತು ಮತ್ತು ಕಟ್ಟಡ ನಕ್ಷೆಗಳ ರಚನಾಕ್ರಮಕ್ಕೆ ಐ.ಎಸ್. 962 ಎಂಬ ಮಾನಕವಿದೆ. ಅದೂ 1967ರಲ್ಲಿ, ಮತ್ತೆ 1989ರಲ್ಲಿ ಪರಿಷ್ಕಾರ ಹೊಂದಿ, ಪ್ರತಿ ಪರಿಷ್ಕಾರದ ವರ್ಷವನ್ನು ತನ್ನ ಹೆಸರಿನೊಡನೆ ಹೊತ್ತಿದೆ.

ಇಡೀ ಕಟ್ಟಡದ ಸ್ವರೂಪವೇ ನಡುವೆ ಬದಲಾದ ನಿದರ್ಶನಕ್ಕೆ ಕನ್ನಡಿಗರು ದೂರ ಹೋಗಬೇಕಾಗಿಲ್ಲ. 1951ರಲ್ಲಿ ನೆಹರೂ ಅವರು ಶಂಕುಸ್ಥಾಪನೆ ಮಾಡಿದ ವಿಧಾನಸೌಧದ ಮೊದಲ ನಕ್ಷೆಯು ಸರಳವಾದುದು. ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿಗಳಾದ ಮೇಲೆ ಬಿ.ಆರ್. ಮಾಣಿಕ್ಯಂ ಅವರ ಕೈಯಲ್ಲಿ ಅದು ದ್ರಾವಿಡ ಶೈಲಿಯ ಭವ್ಯಸೌಧವಾಗಿ ಮಾರ್ಪಟ್ಟು 1956ರಲ್ಲಿ ಮುಗಿಯಿತು. ಇಂಥಲ್ಲಿ ಮೋಡದ ಗೆರೆ ಸಾಲದು. ಹೊಸ ಹಾಳೆಯನ್ನೇ ತೆಗೆದು ಹಳೆಯದರ ಮೇಲೆ ‘ರದ್ದು’ ಎಂದು ಮುದ್ರೆಯೊತ್ತಿ ಕಡತದಲ್ಲಿ ಉಳಿಸುವುದೇ ಕ್ರಮ.

ಕಂಪ್ಯೂಟರು ಬಂದ ಮೇಲೆ ಬ್ಲೇಡು ಹೋಯಿತು, ಮೋಡ ಮತ್ತು ತ್ರಿಕೋನಗಳು ಉಳಿದವು. ಗೆರೆಯನ್ನು ಗುರುತುಳಿಯದಂತೆ ಅಳಿಸುವುದು ಈಗ ಕ್ಷಣಮಾತ್ರದ ಕೆಲಸವಾದುದರಿಂದ ಪಟ್ಟಿಯನ್ನು ತುಂಬುವ ಹೊಣೆಯು ಮೊದಲಿಗಿಂತ ಹೆಚ್ಚಿದೆ. ಹಗರೆಯಂಥ ಊರಿನಲ್ಲಿ ಮನೆ ಕಟ್ಟಿಸುವವನು ತಿದ್ದಿದ ನಕ್ಷೆಯನ್ನು ಮೇಸ್ತ್ರಿಯ ಮೊಬೈಲಿಗೆ ಕಳುಹಿಸಿ ನಿಶ್ಚಿಂತನಾಗುತ್ತಾನೆ. ಮೇಸ್ತ್ರಿಯಾದರೋ ಜೇಬಿನಲ್ಲಿ ನಾಲ್ಕು ಮಡಿಕೆಯಾಗಿ, ಸಿಮೆಂಟಿನ ಬೆರಳಚ್ಚು ಹತ್ತಿ ಕುಳಿತ ಮೊದಲ ಪ್ರತಿಯನ್ನೇ ತೆಗೆದು ದಾರ ಹಿಡಿಯುತ್ತಾನೆ. ಹೊಸ ಪ್ರತಿಯನ್ನು ಕೊಡುವಾಗ ಹಳೆಯದನ್ನು ಕೈಯಾರೆ ಹಿಂದಕ್ಕೆ ಪಡೆಯಬೇಕೆಂಬ ನಿಯಮವು ಹುಟ್ಟಿದುದು ಆ ಜೇಬಿನ ದೆಸೆಯಿಂದ.