ಅಮೆರಿಕ ಬಜೆಟ್ ಕಡಿತ ಮಾಡಿದರೆ ತಿಕೋಟಾ, ಬಬಲೇಶ್ವರಕ್ಕೆ ಮಳೆ ಮುನ್ಸೂಚನೆ ನಿಲ್ಲುತ್ತದೆಯೇ?

‘ಅಮೆರಿಕ ತನ್ನ ಉಪಗ್ರಹಗಳನ್ನು ಬಂದ್ ಮಾಡುತ್ತಿದೆ. ಇನ್ನು ಮಳೆ ಮುನ್ಸೂಚನೆ ಬರುವುದಿಲ್ಲ, ಬರ ಪರಿಹಾರವೂ ಸಿಗುವುದಿಲ್ಲ.’ ಇಂಥ ಸಂದೇಶ ನಿಮ್ಮ ವಾಟ್ಸ್‌ಆ್ಯಪ್ ಗ್ರೂಪ್‌ಗೂ ಬಂದಿರಬಹುದು. ವಿಜಯಪುರ ಜಿಲ್ಲೆಯ ದ್ರಾಕ್ಷಿ ಬೆಳೆಗಾರರಿಗೆ ಇದು ಸಣ್ಣ ಮಾತಲ್ಲ. ಚಾಟ್ನಿ ಆದ ಮೇಲೆ ಮಳೆ ಹಿಡಿದರೆ ಡೌನಿ ರೋಗದ ಭಯ. ಶೆಡ್ಡಿನಲ್ಲಿ ಒಣದ್ರಾಕ್ಷಿಗೆ ಹಾಕಿದಾಗ ಮಳೆ ಬಂದರೆ ವರ್ಷದ ದುಡಿಮೆಗೇ ಪೆಟ್ಟು. ಹಾಗಾದರೆ ಇದರಲ್ಲಿ ಎಷ್ಟು ನಿಜ? ನೋಡೋಣ.

ಬಜೆಟ್ ಕಡಿತ ನಿಜವೇ?

ಪ್ರಸ್ತಾವ ಬಂದದ್ದು ನಿಜ. 2025ರಲ್ಲಿ ಅಮೆರಿಕ ಸರ್ಕಾರ ನಾಸಾದ ಬಜೆಟ್ ಅನ್ನು ಸುಮಾರು 2,480 ಕೋಟಿ ಡಾಲರ್‌ನಿಂದ 1,880 ಕೋಟಿಗೆ ಇಳಿಸಲು ಮುಂದಾಯಿತು. ಭೂಮಿಯನ್ನು ಗಮನಿಸುವ ವಿಭಾಗಕ್ಕೆ ಬಿದ್ದ ಕತ್ತರಿ ಇನ್ನೂ ದೊಡ್ಡದು: ಸುಮಾರು ಅರ್ಧದಷ್ಟು. ಆದರೆ ಅಲ್ಲಿ ಕೊನೆಯ ಮಾತು ಸಂಸತ್ತಿನದು. 2026ರ ಜನವರಿಯಲ್ಲಿ ಸಂಸತ್ತು ಈ ಕಡಿತದ ಬಹುಪಾಲನ್ನು ಒಪ್ಪದೆ ಸುಮಾರು 2,440 ಕೋಟಿ ಡಾಲರ್ ಕೊಟ್ಟಿತು. ಅಂದರೆ ಪ್ರಸ್ತಾವವನ್ನೇ ತೀರ್ಮಾನ ಎಂದು ಹೇಳುವ ಸಂದೇಶ ತಪ್ಪು.

ನಮ್ಮ ಮಳೆ ಮಾಹಿತಿ ಎಲ್ಲಿಂದ ಬರುತ್ತದೆ?

ಮೋಡದ ಚಿತ್ರಗಳು ಮುಖ್ಯವಾಗಿ ನಮ್ಮದೇ ಇನ್ಸಾಟ್-3ಡಿಆರ್ ಮತ್ತು 2024ರ ಫೆಬ್ರವರಿ 17ರಂದು ಹಾರಿದ ಇನ್ಸಾಟ್-3ಡಿಎಸ್ ಉಪಗ್ರಹಗಳಿಂದ ಬರುತ್ತವೆ. ನೆಲದ ಮೇಲೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಆದ್ದರಿಂದ ಮುನ್ಸೂಚನೆ ಪೂರ್ತಿ ನಿಲ್ಲುವುದಿಲ್ಲ. ಆದರೆ ಹವಾಮಾನ ಇಲಾಖೆಯ ಲೆಕ್ಕಾಚಾರಕ್ಕೆ ಬೇರೆ ದೇಶಗಳ ಉಪಗ್ರಹಗಳ ಮಾಹಿತಿಯೂ ಸೇರುತ್ತದೆ. ಅದು ಕಡಿಮೆಯಾದಷ್ಟೂ ಲೆಕ್ಕ ಸಡಿಲವಾಗುತ್ತದೆ.

ಬರ ಪರಿಹಾರದ ಕತೆ ಏನು?

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು. ಬರ ನಿರ್ಧರಿಸುವಾಗ ಮಳೆ ಕೊರತೆ, ಬಿತ್ತನೆ, ಮಣ್ಣಿನ ತೇವ ಇವುಗಳ ಜೊತೆಗೆ ಉಪಗ್ರಹ ಕಂಡ ಹಸಿರಿನ ಪ್ರಮಾಣವನ್ನೂ ನೋಡುತ್ತಾರೆ. ಆಮೇಲೆ ಹಳ್ಳಿಗಳಲ್ಲಿ ಹೊಲಕ್ಕೇ ಹೋಗಿ ಪರಿಶೀಲಿಸುತ್ತಾರೆ. ಈ ಕೆಲಸಕ್ಕೆ ನಮ್ಮ ರಿಸೋರ್ಸ್‌ಸ್ಯಾಟ್ ಜೊತೆಗೆ ಅಮೆರಿಕದ ಉಪಗ್ರಹಗಳ ಚಿತ್ರಗಳನ್ನೂ ಬಳಸಿದ್ದಾರೆ. ಒಂದು ಉಪಗ್ರಹ ನಿಂತ ಮಾತ್ರಕ್ಕೆ ಪರಿಹಾರ ನಿಲ್ಲುವುದಿಲ್ಲ.

ಹಾಗಾದರೆ ಚಿಂತೆ ಬೇಡವೇ?

ಚಿಂತೆ ಬೇರೆ ಕಡೆ ಇದೆ. ಲ್ಯಾಂಡ್‌ಸ್ಯಾಟ್ ಉಪಗ್ರಹಗಳು 1972ರಿಂದ ಭೂಮಿಯ ಚಿತ್ರ ತೆಗೆಯುತ್ತಿವೆ. 2008ರಿಂದ ಅವು ಎಲ್ಲರಿಗೂ ಉಚಿತ. ತುಬಚಿ–ಬಬಲೇಶ್ವರ ಏತ ನೀರಾವರಿಗೆ ಮೊದಲು ಇಲ್ಲಿನ ಕೆರೆಗಳು ಹೇಗಿದ್ದವು, ಈಗ ಎಷ್ಟು ತುಂಬಿವೆ ಎಂದು ಹೋಲಿಸಲು ಇಂಥ ಹಳೆಯ ಚಿತ್ರಗಳೇ ಬೇಕು.

ಅಂತರ್ಜಲದ ಏರಿಳಿತವನ್ನು ಅಂದಾಜಿಸಲು ನೆರವಾಗುತ್ತಿದ್ದ ಗ್ರೇಸ್ ಉಪಗ್ರಹಗಳು 2017ರಲ್ಲಿ ನಿಂತವು. ಮುಂದಿನ ಜೋಡಿ ಹಾರಿದ್ದು 2018ರ ಮೇನಲ್ಲಿ. ನಡುವಿನ ತಿಂಗಳುಗಳ ಅಳತೆ ಖಾಲಿ ಉಳಿಯಿತು. (ಗ್ರೇಸ್ ನೋಡುವುದು ನೂರಾರು ಕಿಲೋಮೀಟರ್ ಅಗಲದ ಪ್ರದೇಶವನ್ನು. ನಿಮ್ಮ ಬೋರ್‌ವೆಲ್‌ನ ನೀರಿನ ಮಟ್ಟ ಅದು ಹೇಳುವುದಿಲ್ಲ.) ಹಣ ಮುಂದಿನ ವರ್ಷ ಕೊಡಬಹುದು, ಆದರೆ ಹೋದ ವರ್ಷದ ಚಿತ್ರವನ್ನು ಯಾರೂ ತೆಗೆಯಲಾರರು.

ಇಸ್ರೊ ಮತ್ತು ನಾಸಾ ಸೇರಿ ಕಟ್ಟಿದ ನಿಸಾರ್ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿತು. 12 ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಬರುವ ಇದರ ರಾಡಾರ್ ಮೋಡದ ಮರೆಯಲ್ಲೂ ನೆಲವನ್ನು ನೋಡಬಲ್ಲದು. ಇಂಥ ಜಂಟಿ ಯೋಜನೆಯಲ್ಲಿ ಒಬ್ಬರ ಬಜೆಟ್ ಇಬ್ಬರಿಗೂ ಸಂಬಂಧಿಸಿದ್ದು.

ನಮ್ಮ ತೀರ್ಮಾನ: ಅರ್ಧ ಸತ್ಯ

ಕಡಿತದ ಪ್ರಸ್ತಾವ ನಿಜ, ‘ಮುನ್ಸೂಚನೆ ಬಂದ್’ ಎಂಬುದು ಸುಳ್ಳು. ಮುಂದೆ ಇಂಥ ಸಂದೇಶ ಬಂದಾಗ ಎರಡು ಪ್ರಶ್ನೆ ಕೇಳಿ: ಇದು ಪ್ರಸ್ತಾವವೋ, ತೀರ್ಮಾನವೋ? ನಿಲ್ಲುವುದು ಯಾವ ಉಪಗ್ರಹ? ಉತ್ತರ ಇಲ್ಲದಿದ್ದರೆ ಫಾರ್ವರ್ಡ್ ಮಾಡಬೇಡಿ. ಔಷಧಿ ಹೊಡೆಯುವ ಮುನ್ನ ಮಾತ್ರ ಹವಾಮಾನ ಇಲಾಖೆಯ ಮುನ್ಸೂಚನೆ ನೋಡುವುದನ್ನು ಬಿಡಬೇಡಿ.