ಪೀಣ್ಯದ ಫ್ಲೈಓವರ್ ಮುಚ್ಚಿದ ಕಾಲ

ಕುಂದುರ್ಪಿ ಎಲ್ಲಿ, ಬೆಂಗಳೂರಿನ ಪೀಣ್ಯ ಎಲ್ಲಿ, ಅಲ್ಲಿನ ಸೇತುವೆಯ ಚರಿತ್ರೆ ನಿನಗ್ಯಾಕಪ್ಪ ಅಂತ ವಾಚನಾಲಯದ ಕಟ್ಟೆ ಮೇಲೆ ಕೂತವರು ಕೇಳಿದರು. ಕಾರಣ ಐತೆ. 1953ರಲ್ಲಿ ಆಂಧ್ರ ರಾಜ್ಯ ಆದಾಗ ಬಳ್ಳಾರಿ ಮೈಸೂರಿಗೆ ಹೋಯಿತು, ನಮ್ಮ ಅನಂತಪುರ ಜಿಲ್ಲೆ ಆಂಧ್ರದ ಕಡೆ ಉಳಿಯಿತು. ಕಾಗದ ಪತ್ರಕ್ಕೆ ನಾವು ಕಲ್ಯಾಣದುರ್ಗ, ಅನಂತಪುರ ತಿರುಗ್ತೀವಿ. ಆದರೆ ದೊಡ್ಡ ಕಾಯಿಲೆ ಬಂದರೆ, ಮಕ್ಕಳು ಕೆಲಸಕ್ಕೆ ಹೊರಟರೆ, ನಮಗೆ ಬೆಂಗಳೂರೇ ಗತಿ. ಪಾವಗಡ, ಮಧುಗಿರಿ, ಕೊರಟಗೆರೆ, ಡಾಬಸ್‌ಪೇಟೆ, ನೆಲಮಂಗಲ. ಈ ಊರುಗಳು ನನಗೆ ಪದದ ಸೊಲ್ಲಿನ ಹಾಗೆ ಬಾಯಿಪಾಠ. ಅಲ್ಲಿಂದ ತುಮಕೂರು ರಸ್ತೆ, ಪೀಣ್ಯ.

ನಾನು ಪದ ಹೇಳೋಕೆ ಮೊದಮೊದಲು ಹೋಗ್ತಿದ್ದಾಗ ಈ ಫ್ಲೈಓವರ್ ಇರಲಿಲ್ಲ. ಜಾಲಹಳ್ಳಿ ಕ್ರಾಸು, ಗೊರಗುಂಟೆಪಾಳ್ಯ ದಾಟೋಕೆ ಬಸ್ಸಿಗೆ ಬಹಳ ಹೊತ್ತು ಹಿಡೀತಿತ್ತು. 2010ರಲ್ಲಿ ಹೆದ್ದಾರಿ ಪ್ರಾಧಿಕಾರದವರ ಮೇಲ್ಸೇತುವೆ ಸಂಚಾರಕ್ಕೆ ಬಂತು. ಉದ್ದ ನಾಕು ಕಿಲೋಮೀಟರಿಗೂ ಮೇಲೆ. ಆಮೇಲೆ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳ ಹೆಸರಿಟ್ಟರು. ಸೇತುವೆ ಬಂದ ಮೇಲೆ ಕೆಳಗಿನ ಕಷ್ಟ ಮರೆತೇ ಹೋಯ್ತು.

2021ರ ಡಿಸೆಂಬರ್ 25ರಂದು ಅದನ್ನು ಮುಚ್ಚಿದರು. 102 ಮತ್ತು 103ನೇ ಕಂಬಗಳ ನಡುವೆ ಕೇಬಲ್ ಕೆಟ್ಟಿದ್ದು ಕಂಡುಬಂದಿತ್ತು. ಇದನ್ನು ತಂಬೂರಿ ಹಿಡಿದವರಿಗೆ ಬೇಗ ತಿಳಿಸಬಹುದು. ಕಾಂಕ್ರೀಟಿನ ಹೊಟ್ಟೆಯೊಳಗೆ ಕೊಳವೆ ಇಟ್ಟು, ಅದರಲ್ಲಿ ಉಕ್ಕಿನ ಕೇಬಲ್ ತೂರಿಸಿ, ತಂತಿ ಬಿಗಿದ ಹಾಗೆ ಎಳೆದು ಕಟ್ಟಿರ್ತಾರೆ. ಆ ಬಿಗಿಯ ಮೇಲೇ ಭಾರ ನಿಂತಿರೋದು. ಒಳಗೆ ತುಕ್ಕು ಹಿಡಿದರೆ ಹೊರಗೆ ಕಾಣೋದಿಲ್ಲ. ತಂಬೂರಿಯಾದರೆ ಅಪಸ್ವರ ಬಂದು ಹೇಳುತ್ತೆ, ಸೇತುವೆಗೆ ಬಾಯಿ ಇಲ್ಲವಲ್ಲ.

ಇದ್ಯಾವುದೂ ನಮಗೆ ಗೊತ್ತಿಲ್ಲ. 2022ರ ಸಂಕ್ರಾಂತಿಗೆ ಮುಂಚೆ ನಮ್ಮ ಮನೆಯಾಕೆಯ ಗಂಟಲ ಗಡ್ಡೆ ತೋರಿಸೋಕೆ ಬೆಂಗಳೂರಿನ ಒಂದು ದೊಡ್ಡಾಸ್ಪತ್ರೆಗೆ ಹೊರಟೆವು. ಹನ್ನೊಂದು ಗಂಟೆಯ ಮೇಲೆ ಅಲ್ಲಿ ಚೀಟಿ ಕೊಡೋದಿಲ್ಲ. ಪಾವಗಡದಲ್ಲಿ ನಸುಕಿನ ಬಸ್ಸು ಹಿಡಿದು, ಎಂಟೂವರೆಗೆ ಮಾದಾವರ ಮುಟ್ಟಿದಾಗ ಇನ್ನೇನು ಬಂದ್ವಿ ಅಂದುಕೊಂಡೆ. ಅಲ್ಲಿಂದ ಮುಂದೆ ಬಸ್ಸು ಇರುವೆ ನಡೆದಂಗೆ ನಡೀತು. ಮೇಲೆ ಸೇತುವೆ ಖಾಲಿ, ಕೆಳಗೆ ಲಾರಿ, ಕಾರು, ಟೆಂಪೋ ಎಲ್ಲಾ ಒಂದೇ ರಸ್ತೆಗೆ. ಪಕ್ಕದಲ್ಲೇ ಮೆಟ್ರೋ ರೈಲು ಹೋಗ್ತಾ ಬರ್ತಾ ಇತ್ತು. ಇಳಿದು ಅದನ್ನು ಹತ್ತಬೇಕು ಅನ್ನೋ ಬುದ್ಧಿ ನನಗೆ ಬರಲಿಲ್ಲ. "ಏನೂ ಆಗಲ್ಲ ಬಿಡ್ರಿ" ಅಂತ ಆಕೆಯೇ ನನಗೆ ಸಮಾಧಾನ ಹೇಳಿದಳು. ಆಸ್ಪತ್ರೆ ಸೇರಿದಾಗ ಹನ್ನೊಂದೂ ಮುಕ್ಕಾಲು. ಕಿಟಕಿ ಮುಚ್ಚಿತ್ತು. ಕಾರ್ಡಿನ ಮೇಲೆ ಹನ್ನೆರಡು ದಿನ ಮುಂದಿನ ತಾರೀಖು ಬರೆದುಕೊಟ್ಟರು. ಆ ಹನ್ನೆರಡು ರಾತ್ರಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಗಡ್ಡೆ ಕೆಟ್ಟದ್ದಲ್ಲ ಅಂತ ಆಮೇಲೆ ತಿಳೀತು.

ಮುಚ್ಚಿದ್ದು ತಪ್ಪು ಅಂತ ನಾನು ಹೇಳೋದಿಲ್ಲ. ಇಟಲಿಯ ಜಿನೋವಾ ಪಟ್ಟಣದಲ್ಲಿ 2018ರ ಆಗಸ್ಟ್ 14ರಂದು ವಾಹನ ಓಡಾಡ್ತಿದ್ದಾಗಲೇ ಸೇತುವೆ ಬಿದ್ದು 43 ಜನ ಸತ್ತರು. ಅಲ್ಲೂ ಕಾಂಕ್ರೀಟಿನೊಳಗಿನ ಉಕ್ಕಿಗೆ ತುಕ್ಕು ಹಿಡಿದಿತ್ತು. ನನ್ನ ತಕರಾರು ಬೇರೆ. ನೈಸ್ ರಸ್ತೆಗೆ ತಿರುಗಿ, ಮಾಗಡಿ ರಸ್ತೆ ಹಿಡೀರಿ ಅಂತ ಪೊಲೀಸರು ಹೇಳಿದ್ದರಂತೆ. ಅದು ಕಾರಿದ್ದವರಿಗೆ ಸರಿ. ಬಸ್ಸಿನಲ್ಲಿ ಕೂತವನು ಎಲ್ಲಿಗೆ ತಿರುಗ್ಲಿ? ಪಾವಗಡ, ಮಧುಗಿರಿ ನಿಲ್ದಾಣದಲ್ಲಿ ಒಂದು ಹಲಗೆ ನೇತುಹಾಕಿದ್ದರೆ ನಾವು ಹಿಂದಿನ ದಿನವೇ ಹೊರಡ್ತಿದ್ವಿ. ನಮ್ಮೂರ ಹಳ್ಳ ಬಂದಾಗ ಈ ದಡದಲ್ಲಿ ಒಬ್ಬ, ಆ ದಡದಲ್ಲಿ ಒಬ್ಬ ಕೆಂಪು ಟವಲು ಹಿಡಿದು ನಿಲ್ತಾರೆ. ಅಷ್ಟೇ ಬೇಕಾಗಿದ್ದು.

2022ರ ಫೆಬ್ರವರಿ 16ರಿಂದ ಸೇತುವೆ ತೆರೆದರು, ಸಣ್ಣ ವಾಹನಕ್ಕೆ ಮಾತ್ರ. ಕಾರಿನವರು ಮೇಲೆ, ಬಸ್ಸು ಲಾರಿಯವರು ಕೆಳಗೆ. ಭಾರದ ಲೆಕ್ಕದಲ್ಲಿ ಅದೇ ಸರಿ. ಆದರೆ ಒಂದು ಬಸ್ಸಿನಲ್ಲಿ ಐವತ್ತು ಜನ ಇರ್ತೀವಿ, ಆ ಲೆಕ್ಕಾನೂ ಒಂದು ಐತೆ. ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರ ಸಲಹೆಯಂತೆ 120 ಅಂಕಣಗಳಿಗೂ ಎರಡೆರಡು ಹೊಸ ಕೇಬಲ್, ಒಟ್ಟು 240 ಹಾಕಿ, ಭಾರ ಹೇರಿ ಪರೀಕ್ಷೆ ಮಾಡಿದರು. ದೊಡ್ಡ ವಾಹನ ಮೇಲೆ ಹತ್ತಿದ್ದು 2024ರ ಜುಲೈ 29ರಂದು. ಎರಡೂವರೆ ವರ್ಷ!

ಅಷ್ಟರಲ್ಲಿ ನಾವೂ ಕಲಿತಿದ್ವಿ. ಎರಡನೇ ಸಲದಿಂದ ನಾಗಸಂದ್ರದಲ್ಲಿ ಬಸ್ಸು ಇಳಿದು ಮೆಟ್ರೋ ಹತ್ತಿದೆವು. ಮೊದಲ ದಿನ ಮೆಟ್ಟಿಲು ತಾನೇ ಮೇಲೇರೋದು ನೋಡಿ ಮನೆಯಾಕೆ ನನ್ನ ಪಂಚೆ ಹಿಡಕೊಂಡಳು. ಊರಿನಿಂದ ಆಸ್ಪತ್ರೆಗೆ ಹೊರಟವರಿಗೆಲ್ಲ ನಾಗಸಂದ್ರದಲ್ಲೇ ಇಳೀರಿ ಅಂತ ಹೇಳಿ ಕಳಿಸ್ತಿದ್ದೆ. 2024ರ ನವೆಂಬರಿನಿಂದ ರೈಲು ಮಾದಾವರದ ತನಕ ಬಂದಿದೆ, ಇನ್ನೂ ಹಗುರ.

ದೊಡ್ಡ ವಾಹನಕ್ಕೆ ಬಿಟ್ಟಾಗ ಒಂದು ಷರತ್ತು ಹಾಕಿದ್ದರು. ಶುಕ್ರವಾರ ಬೆಳಿಗ್ಗೆ ಆರರಿಂದ ಶನಿವಾರ ಬೆಳಿಗ್ಗೆ ಆರರ ತನಕ, ರಿಪೇರಿಗಾಗಿ, ಅವಕ್ಕೆ ಸೇತುವೆ ಇಲ್ಲ. ಇದು ಗೊತ್ತಾದ ದಿನವೇ ನಮ್ಮ ವಾಚನಾಲಯದ ಕರಿಹಲಗೆ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದೆ: "ಬೆಂಗಳೂರಿಗೆ ಹೋಗೋರು ಶುಕ್ರವಾರ ಎರಡು ಗಂಟೆ ಮುಂಚೆ ಹೊರಡಿ." ಕೆಳಗೆ ಯಾರೋ ತೆಲುಗಿನಲ್ಲೂ ಬರೆದಿದ್ದರು.