ಅಮ್ಮನಿಂದ ಮಾತ್ರ ಬರುವ ಡಿಎನ್‌ಎ ಮತ್ತು "ಮೂವರು ಪಾಲಕರ" ಗದ್ದಲ

"ತಾಯಿಯಂತೆ ಮಗಳು, ನೂಲಿನಂತೆ ಸೀರೆ" ಅಂತ ಗಾದೆ ಇದೆಯಲ್ಲ, ಅದು ಅಕ್ಷರಶಃ ನಿಜವಾಗುವ ಜಾಗವೊಂದು ನಮ್ಮ ಮೈಯಲ್ಲೇ ಇದೆ. ಅದೇ ಮೈಟೋಕಾಂಡ್ರಿಯ. ಜೀವಕೋಶಕ್ಕೆ ಶಕ್ತಿ ತಯಾರಿಸಿಕೊಡುವ ಕಾರ್ಖಾನೆ ಅಂತ ಹೈಸ್ಕೂಲಿನಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೇವೆ. ಅದಕ್ಕೆ ತನ್ನದೇ ಆದ ಡಿಎನ್‌ಎ ಇದೆ, ಅದು ನಮಗೆ ಅಮ್ಮನಿಂದ ಬಂದದ್ದು. ಅಪ್ಪನ ಪಾಲು ಇಲ್ಲ.

1981ರಲ್ಲಿ ಕೇಂಬ್ರಿಡ್ಜಿನ ಫ್ರೆಡ್ ಸ್ಯಾಂಗರ್ ತಂಡದವರು ಇದನ್ನು ಪೂರ್ತಿ ಓದಿ ಮುಗಿಸಿದರು. 16,569 ಅಕ್ಷರ, 37 ಜೀನ್, ಅಷ್ಟೇ. ಇದರಲ್ಲಿ ತಪ್ಪಾದರೆ ಕಾಯಿಲೆ ಬರುತ್ತದೆ ಅನ್ನುವುದು ಗಟ್ಟಿಯಾದದ್ದು 1988ರಲ್ಲಿ. ಲಂಡನ್ನಿನ ಇಯಾನ್ ಹೋಲ್ಟ್, ಅನಿತಾ ಹಾರ್ಡಿಂಗ್ ಮತ್ತವರ ಜೊತೆಗಾರರು ಸ್ನಾಯುರೋಗಿಗಳಲ್ಲಿ ಈ ಡಿಎನ್‌ಎಯ ದೊಡ್ಡ ತುಂಡೇ ಕಾಣೆಯಾಗಿರುವುದನ್ನು ತೋರಿಸಿದರು. ಅದೇ ವರ್ಷ ಅಮೆರಿಕದ ಡಗ್ಲಸ್ ವ್ಯಾಲೇಸ್ ತಂಡ, ಹರೆಯದಲ್ಲೇ ಕಣ್ಣು ಕಸಿಯುವ ಲೆಬರ್ ಕಾಯಿಲೆಯ ಹಿಂದೆ ಒಂದೇ ಒಂದು ಅಕ್ಷರದ ತಪ್ಪನ್ನು ಹಿಡಿಯಿತು.

ಇಲ್ಲೊಂದು ಸಂಕಟದ ಲೆಕ್ಕವಿದೆ. ಒಂದು ಕೋಶದಲ್ಲಿ ಈ ಡಿಎನ್‌ಎಯ ನೂರಾರು, ಸಾವಿರಾರು ಪ್ರತಿಗಳಿರುತ್ತವೆ. ಕೆಲವು ಸರಿ, ಕೆಲವು ಕೆಟ್ಟವು. ಕೆಟ್ಟವು ಒಂದು ಮಿತಿ ದಾಟಿದರೆ ಮಾತ್ರ ಕಾಯಿಲೆ. ಹಾಗಾಗಿ ಅಮ್ಮ ಆರೋಗ್ಯವಾಗಿಯೇ ಇರಬಹುದು, ಅವಳ ಮಗು ಕೈಗೂಸಿನಲ್ಲೇ ತೀರಿಕೊಳ್ಳಬಹುದು. ಮುಂದಿನ ಮಗು ಹೇಗಿರುತ್ತದೆ ಅಂತ ಹೇಳುವುದೂ ಕಷ್ಟ.

ಕೆಟ್ಟಿದ್ದನ್ನು ರಿಪೇರಿ ಮಾಡಲು ಬರದಿದ್ದರೆ ಬದಲಾಯಿಸಬೇಕು. ವಿಜ್ಞಾನಿಗಳು ಹಿಡಿದದ್ದು ಇದೇ ದಾರಿ. ಆದರೆ ತಮಾಷೆ ನೋಡಿ, ಮನುಷ್ಯರಲ್ಲಿ ಇದು ಶುರುವಾದದ್ದು ಈ ಕಾಯಿಲೆಗಾಗಿ ಅಲ್ಲವೇ ಅಲ್ಲ! ನ್ಯೂಜೆರ್ಸಿಯಲ್ಲಿ ಜಾಕ್ ಕೋಹೆನ್ ತಂಡ, ಮಕ್ಕಳಾಗದ ಹೆಂಗಸರ ಅಂಡಾಣುವಿಗೆ ಬೇರೊಬ್ಬಳ ಅಂಡಾಣುವಿನ ಒಂದಿಷ್ಟು ರಸವನ್ನು ಚುಚ್ಚಿ ಸೇರಿಸಿತು. 1997ರಲ್ಲಿ ಮೊದಲ ಮಗು ಹುಟ್ಟಿತು. ರಸದ ಜೊತೆ ದಾನಿಯ ಮೈಟೋಕಾಂಡ್ರಿಯವೂ ಹೋಗಿತ್ತು. 2001ರಲ್ಲಿ ಇಬ್ಬರು ಮಕ್ಕಳ ರಕ್ತದಲ್ಲಿ ಅದು ಸಿಕ್ಕಾಗ ದೊಡ್ಡ ಗಲಾಟೆಯಾಯಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಪತ್ರ ಬರೆಯಿತು, ಕೆಲಸ ನಿಂತಿತು.

ಇಂಗ್ಲೆಂಡಿನ ನ್ಯೂಕ್ಯಾಸಲ್‌ನವರ ದಾರಿ ಬೇರೆ. ಡಗ್ ಟರ್ನ್‌ಬುಲ್, ಮೇರಿ ಹರ್ಬರ್ಟ್ ತಂಡ ರಸ ಸೇರಿಸಲಿಲ್ಲ. ಅಪ್ಪ ಅಮ್ಮನ ಕೋಶಕೇಂದ್ರಗಳನ್ನೇ ಎತ್ತಿ, ಮೊದಲೇ ಖಾಲಿ ಮಾಡಿಟ್ಟ ದಾನಿಯ ಅಂಡಾಣುವಿಗೆ ದಾಟಿಸಿತು. (ಇಲಿಗಳಲ್ಲಿ ಈ ಕೈಚಳಕ 1983ರಲ್ಲೇ ಆಗಿತ್ತು.) ಕಾನೂನು ಬದಲಾಗದೆ ಇಂಥ ಭ್ರೂಣವನ್ನು ಗರ್ಭಕ್ಕೆ ಸೇರಿಸುವಂತಿರಲಿಲ್ಲ. 2015ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಕೆಳಮನೆ 382-128 ಮತಗಳಿಂದ ಒಪ್ಪಿತು. ಪತ್ರಿಕೆಗಳ ತಲೆಬರಹ ಮಾತ್ರ ಒಂದೇ: ಮೂವರು ಪಾಲಕರ ಮಗು. ನನಗೆ ಈ ಮಾತು ಹಿಡಿಸುವುದಿಲ್ಲ. ಇಪ್ಪತ್ತು ಸಾವಿರದಷ್ಟು ಜೀನ್‌ಗಳಲ್ಲಿ 37 ಕೊಟ್ಟವಳನ್ನು ಇನ್ನೊಬ್ಬ ಅಮ್ಮ ಅನ್ನುವುದಾದರೆ ಮೂತ್ರಪಿಂಡ ಕೊಟ್ಟವರನ್ನು ಏನನ್ನೋಣ? ಹಾಗಂತ ವಿರೋಧಿಗಳ ಮಾತನ್ನೂ ತಳ್ಳಿಹಾಕುವಂತಿಲ್ಲ. ಹುಟ್ಟುವ ಮಗು ಹೆಣ್ಣಾದರೆ ಈ ಬದಲಾವಣೆ ಅವಳ ಮಕ್ಕಳಿಗೂ ಹೋಗುತ್ತದೆ.

ಫಲಿತಾಂಶ ಪ್ರಕಟವಾದದ್ದು 2025ರ ಜುಲೈನಲ್ಲಿ. ಏಳು ತಾಯಂದಿರಿಗೆ ಎಂಟು ಮಕ್ಕಳು, ಅದರಲ್ಲಿ ಒಂದು ಅವಳಿ ಜೋಡಿ. ಐವರಲ್ಲಿ ಅಮ್ಮನ ಕೆಟ್ಟ ಡಿಎನ್‌ಎಯ ಸುಳಿವೇ ಇಲ್ಲ. ಮೂವರಲ್ಲಿ ಶೇ. 5ರಿಂದ 16ರವರೆಗೆ ಉಳಿದುಕೊಂಡಿದೆ. ಕೇಂದ್ರವನ್ನು ಎತ್ತುವಾಗ ಅಂಟಿಕೊಂಡು ಬಂದ ಚೂರುಪಾರು ಅದು. ಕಾಯಿಲೆಯ ಮಿತಿಗಿಂತ ಕಡಿಮೆ, ಆದರೆ ಸೊನ್ನೆಯಲ್ಲ.

ಇದನ್ನು ಚಿಕಿತ್ಸೆ ಅಂತ ಕರೆಯುವುದರ ಬಗ್ಗೆಯೇ ನನ್ನ ತಕರಾರು. ಇದರಿಂದ ಈಗಾಗಲೇ ಕಾಯಿಲೆ ಬಿದ್ದಿರುವ ಒಬ್ಬರಿಗೂ ಗುಣವಾಗುವುದಿಲ್ಲ. ಅವರಿಗೆ ಬೇಕಿರುವುದು ರಿಪೇರಿ. ಅದು ಯಾಕೆ ತಡವಾಯಿತೆಂದರೆ, ಎಲ್ಲರ ಬಾಯಲ್ಲಿರುವ ಕ್ರಿಸ್ಪರ್ ಕತ್ತರಿ ಇಲ್ಲಿ ನಡೆಯುವುದಿಲ್ಲ. ಅದಕ್ಕೆ ದಾರಿ ತೋರಿಸುವುದು ಆರ್‌ಎನ್‌ಎ ತುಣುಕು, ಅದನ್ನು ಮೈಟೋಕಾಂಡ್ರಿಯದ ಪೊರೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಪ್ರೋಟೀನ್ ಆದರೆ ಸರಿ, ಸರಿಯಾದ ಚೀಟಿ ಅಂಟಿಸಿದರೆ ಒಳಗೆ ಹೋಗುತ್ತದೆ. ಲೆಬರ್ ರೋಗಿಗಳ ಕಣ್ಣಿಗೆ ವೈರಸ್ ಮೂಲಕ ಸರಿಯಾದ ಜೀನ್ ಕೊಟ್ಟದ್ದು ಈ ಉಪಾಯದಿಂದಲೇ: ಪ್ರೋಟೀನನ್ನು ಹೊರಗೆ ತಯಾರಿಸಿ ಒಳಗೆ ಕಳಿಸುವುದು. ಒಂದು ಕಣ್ಣಿಗೆ ಚುಚ್ಚಿದರೆ ಚುಚ್ಚದ ಇನ್ನೊಂದು ಕಣ್ಣೂ ಸುಧಾರಿಸಿ ಎಲ್ಲರನ್ನೂ ತಬ್ಬಿಬ್ಬು ಮಾಡಿತು! ಮದ್ದು ಪರಿಣಾಮಕಾರಿ ಅಂತ ಸಾಬೀತು ಮಾಡಲು ಹೋಲಿಸಿ ನೋಡಲೇಬೇಕಾದ ಕಣ್ಣು ಅದೇ ಆಗಿತ್ತು.

ಅಕ್ಷರವನ್ನೇ ತಿದ್ದುವ ಉಪಾಯ ಬಂದದ್ದು 2020ರಲ್ಲಿ, ಎಲ್ಲಿಂದ ಅಂತೀರಿ? ಒಂದು ಬ್ಯಾಕ್ಟೀರಿಯದ ವಿಷದಿಂದ. ಬೇರೆ ಬ್ಯಾಕ್ಟೀರಿಯಗಳನ್ನು ಕೊಲ್ಲಲು ಅದು ಬಳಸುವ ಪ್ರೋಟೀನ್, ಡಿಎನ್‌ಎಯ ಎರಡೂ ಎಳೆಗಳನ್ನು ಬಿಡಿಸದೆಯೇ 'ಸಿ' ಅಕ್ಷರವನ್ನು ಬದಲಾಯಿಸಬಲ್ಲದು ಅಂತ ಸಿಯಾಟಲ್‌ನ ಜೋಸೆಫ್ ಮೌಗಸ್ ತಂಡಕ್ಕೆ ಗೊತ್ತಾಯಿತು. ಡೇವಿಡ್ ಲಿಯು ತಂಡದ ಜೊತೆ ಸೇರಿ ಅದನ್ನು ಎರಡು ಹೋಳು ಮಾಡಿ ವಿಷ ಇಳಿಸಿದರು. ಬೇಕಾದ ಜಾಗದಲ್ಲಿ ಎರಡೂ ಹೋಳು ಕೂಡಿದಾಗ ಮಾತ್ರ ಅದು 'ಸಿ'ಯನ್ನು 'ಟಿ' ಮಾಡುತ್ತದೆ. ಮೈಟೋಕಾಂಡ್ರಿಯವೂ ಕೋಟ್ಯಂತರ ವರ್ಷಗಳ ಹಿಂದೆ ಬ್ಯಾಕ್ಟೀರಿಯವೇ ಆಗಿತ್ತು ಅನ್ನುವುದನ್ನು ನೆನೆದರೆ ಇದು ದಾಯಾದಿ ಮದ್ದು :) 2022ರಲ್ಲಿ ದಕ್ಷಿಣ ಕೊರಿಯಾದ ಜಿನ್-ಸೂ ಕಿಮ್ ತಂಡ 'ಎ'ಯನ್ನು 'ಜಿ' ಮಾಡುವ ವಿಧಾನವನ್ನೂ ಸೇರಿಸಿತು. ಉಳಿದದ್ದು ಸಾಗಾಟದ ಸಮಸ್ಯೆ. ಪ್ರಯೋಗಾಲಯದ ತಟ್ಟೆಯಲ್ಲಿರುವ ಕೋಶಕ್ಕೆ ಇದನ್ನು ಮುಟ್ಟಿಸುವುದು ಒಂದು ಮಾತು, ಮಲಗಿರುವ ಮಗುವಿನ ಮಿದುಳಿಗೆ, ಹೃದಯಕ್ಕೆ, ಪ್ರತಿ ಸ್ನಾಯುವಿಗೆ ಮುಟ್ಟಿಸುವುದು ಇನ್ನೊಂದು.